ಹನ್ನೆರಡು ಪುಟದ ಹೊಂಗೆ ಮರ

"ಮಿಸ್, ಅದು ಫ್ರಿಜ್ಜಾ?"

ಕೇಳಿದವನಿಗೆ ನಾಲ್ಕು ವರ್ಷ. ಅವನ ಬೆರಳು ಪುಸ್ತಕದ ಮೊದಲ ಪುಟದ ಮೇಲಿತ್ತು. ಮನೆ, ಬೇಲಿ, ಮರ ಎಲ್ಲದರ ಮೇಲೂ ಬೆಳ್ಳಗೆ ಹಿಮ. ಪುಟ ತಿರುಗಿಸಿದರೆ ಹಿಮ ಕರಗಿ ನೆಲದೊಳಗಿಂದ ಒಂದು ಹಳದಿ ಹೂವು ತಲೆ ಎತ್ತುತ್ತದೆ, ಬಿಲದಿಂದ ಮೊಲ ಇಣುಕುತ್ತದೆ, ವಸಂತ ಬಂತು ಅಂತ ಎಲ್ಲರೂ ಸ್ವೆಟರ್ ಬಿಚ್ಚುತ್ತಾರೆ. ನಮ್ಮಲ್ಲಿ ಫೆಬ್ರವರಿ ಕೊನೆಯ ವಾರ. ಸ್ವೆಟರ್ ಪೆಟ್ಟಿಗೆ ಸೇರಿ ಆಗಲೇ ತಿಂಗಳಾಗಿತ್ತು, ಫ್ಯಾನು ಗರಗರ ತಿರುಗುತ್ತಿತ್ತು.

ತುಮಕೂರಿನ ಅಂಚಿನಲ್ಲಿ ಒಂದು ಪುಟ್ಟ ಶಿಶುವಿಹಾರ ನಮ್ಮದು. ಮೂರರಿಂದ ಆರು ವರ್ಷದ 18 ಮಕ್ಕಳು. ಆ ಪುಸ್ತಕವನ್ನು ನೆಂಟರೊಬ್ಬರು ಹೊರದೇಶದಿಂದ ತಂದುಕೊಟ್ಟಿದ್ದರು. ಒಳ್ಳೆಯ ಪುಸ್ತಕವೇ, ಚಿತ್ರಗಳಂತೂ ಕಣ್ಣಿಗೆ ಹಬ್ಬ. ಅದು ಹುಟ್ಟಿದ ಊರಿನಲ್ಲಿ ವಸಂತ ಹಾಗೇ ಬರುತ್ತದೆ. ಆ ಊರಿನ ಮಗು ಪುಟ ನೋಡಿ ಕಿಟಕಿಯತ್ತ ತಿರುಗಿದರೆ ಎರಡೂ ಒಂದೇ. ನಮ್ಮ ಮಕ್ಕಳು ಕಿಟಕಿಯತ್ತ ತಿರುಗಿದಾಗ ಕಂಡದ್ದು ಹೊಂಗೆ ಮರ. ಅದು ಅವತ್ತು ಎಲೆ ಉದುರಿಸುತ್ತಿತ್ತು. ವಸಂತ ಅಂದರೆ ಚಿಗುರು ಅಂತ ಪುಸ್ತಕ ಹಿಡಿದು ನಾನು ಹೇಳುತ್ತಿದ್ದೇನೆ, ಹೊರಗೆ ಆಯಮ್ಮ ಒಣಗಿದ ಎಲೆ ಗುಡಿಸಿ ಗುಡ್ಡೆ ಹಾಕುತ್ತಿದ್ದಾರೆ!

ಈ ಗೊಂದಲ ಹೊಸದೇನಲ್ಲ. ನಾವೆಲ್ಲ ಶಾಲೆಯಲ್ಲಿ ಕುಣಿಕುಣಿದು ಹೇಳಿದ ವಸಂತದ ಪದ್ಯ ಬಿ.ಎಂ.ಶ್ರೀಯವರು ಇಂಗ್ಲಿಷಿನಿಂದ ತಂದದ್ದು. ಅದರಲ್ಲಿ ಹಕ್ಕಿಗಳು ಕೂಗುವುದು ಈಗಲೂ ಇಂಗ್ಲೆಂಡಿನ ದನಿಯಲ್ಲೇ. ಅದನ್ನು ನಾನೂ ಹೇಳಿಕೊಡುತ್ತೇನೆ, ಮಕ್ಕಳಿಗೆ ಆ ದನಿಗಳೇ ಇಷ್ಟ. ಹಾಡಿಗೆ ಕಿಟಕಿ ಬೇಕಿಲ್ಲ, ಚಿತ್ರಪುಸ್ತಕಕ್ಕೆ ಬೇಕು. ನಾಲ್ಕು ವರ್ಷದ ಮಗು ಪುಟದಲ್ಲಿ ಕಂಡದ್ದನ್ನು ಹೊರಗೆ ಹುಡುಕುತ್ತದೆ, ಹೊರಗೆ ಕಂಡದ್ದನ್ನು ಪುಟಕ್ಕೆ ತಂದು ತಾಳೆ ನೋಡುತ್ತದೆ. ಪುಸ್ತಕ ನಿಜ ಹೇಳುತ್ತದೆ ಅನ್ನುವ ನಂಬಿಕೆ ಹುಟ್ಟುವುದೇ ಅಲ್ಲಿ.

ಹಾಗಾಗಿ ಒಂದು ಪುಸ್ತಕವನ್ನು ನಾವೇ ಮಾಡೋಣ ಅಂದುಕೊಂಡೆ. ಮರ ಆರಿಸುವ ಕೆಲಸವೇ ಇರಲಿಲ್ಲ, ಕಿಟಕಿಯಲ್ಲಿ ನಿಂತಿತ್ತು. ಮುತ್ತುಗ, ಬೂರುಗಗಳ ಕೆಂಪು ಇನ್ನೂ ಜೋರು, ಒಂದೂ ಎಲೆಯಿಲ್ಲದೆ ಮೈತುಂಬ ಹೂ ಬಿಡುತ್ತವೆ. ಬೆಂಗಳೂರಿನವರಾದರೆ ಟಬೂಬಿಯ, ಜಕರಂಡ ಅನ್ನುತ್ತಿದ್ದರು. ಅವು ದಕ್ಷಿಣ ಅಮೆರಿಕದ ಕಡೆಯಿಂದ ಬಂದು ನಮ್ಮ ರಸ್ತೆ ಸೇರಿದ ಮರಗಳು, ಈಗ ನಮ್ಮವೇ ಆಗಿಹೋಗಿವೆ, ಇರಲಿ. ಆದರೆ ದಿನಕ್ಕೆ ನಾಲ್ಕು ಸಲ ಕೈಗೆ ಸಿಗುವುದು ಹೊಂಗೆ. ಅದರ ನೆರಳು ತಾಯಿ ಮಡಿಲು ಅಂತ ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಏಪ್ರಿಲ್‌ನಲ್ಲಿ ಊರೆಲ್ಲ ಕಾದ ಹೆಂಚಾಗಿರುವಾಗ ಅದು ಹೊಸ ಎಲೆ ಹೊದ್ದು ತಣ್ಣಗೆ ನಿಂತಿರುತ್ತದೆ.

ಮೊದಲು ನೋಡುವುದು, ಆಮೇಲೆ ಬರೆಯುವುದು ಅಂತ ಮಾಡಿಕೊಂಡೆವು. ಪ್ರತಿ ಸೋಮವಾರ ಬೆಳಿಗ್ಗೆ ಮರದ ಕೆಳಗೆ ಹತ್ತು ನಿಮಿಷ. ಮಕ್ಕಳು ಹೇಳಿದ್ದನ್ನೆಲ್ಲ ನಾನು ಅವರ ಮಾತಿನಲ್ಲೇ ಗೀಚಿಕೊಳ್ಳುತ್ತಿದ್ದೆ. "ಎಲೆಗೆ ಗುಳ್ಳೆ ಎದ್ದಿದೆ." "ಕಾಯಿ ಮಾತ್ರ ಬಿದ್ದಿಲ್ಲ, ಗಲಗಲ ಅನ್ನುತ್ತೆ." "ಆ ಕಡೆ ಬೋಳು, ಈ ಕಡೆ ಹಸಿರು." ಮೂರೂ ಸರಿ. ಹೊಂಗೆ ಎಲೆಗೆ ನುಸಿ ಕಾಟದ ಗುಳ್ಳೆ ಸಾಮಾನ್ಯ. ಕಾಯಿ ಬಲಿಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಹೊಸ ಚಿಗುರು ಬರುವಾಗಲೂ ಕಳೆದ ವರ್ಷದ ಕಾಯಿ ತೂಗುತ್ತಿರುತ್ತದೆ. ಮೂರನೆಯ ಮಾತು ನನಗೇ ಪಾಠವಾಯಿತು. ನಾನು ಎಲೆ ಉದುರುವುದು ಒಂದು ಪುಟ, ಬೋಳಾಗುವುದು ಒಂದು ಪುಟ, ಚಿಗುರುವುದು ಇನ್ನೊಂದು ಪುಟ ಅಂತ ಅಂದವಾಗಿ ಹಂಚಿಕೊಂಡು ಕೂತಿದ್ದೆ. ನಮ್ಮ ಮರ ಒಂದು ಕೊಂಬೆಯಲ್ಲಿ ಉದುರಿಸುತ್ತ ಇನ್ನೊಂದರಲ್ಲಿ ಚಿಗುರುತ್ತಿತ್ತು. ನಾಲ್ಕನೇ ಪುಟವನ್ನು ಹರಿದು, ಅರ್ಧ ಬೋಳು ಅರ್ಧ ಹಸಿರಿನ ಮರ ಬರೆದೆ.

ಮಳೆಗೆ ಇನ್ನೂ ಮೂರು ತಿಂಗಳಿರುವಾಗ, ನೆಲವೆಲ್ಲ ಒಣಗಿರುವಾಗ ಮರಕ್ಕೆ ಚಿಗುರುವ ಹುಚ್ಚು ಯಾಕೆ ಅಂತ ಒಬ್ಬ ತಂದೆ ಕೇಳಿದರು. ಮುದುಮಲೈ ಕಾಡಿನಲ್ಲಿ ನಡೆದ ಅಧ್ಯಯನವೊಂದು ಇದಕ್ಕೆ ಒಂದು ಉತ್ತರ ಕೊಡುತ್ತದೆ. ಮಳೆಯ ಜೊತೆ ಎಲೆ ತಿನ್ನುವ ಹುಳುಗಳು ಹೆಚ್ಚುತ್ತವೆ, ಅದಕ್ಕೂ ಮೊದಲೇ ಚಿಗುರಿದ ಮರಗಳ ಎಲೆಗೆ ಹಾನಿ ಕಡಿಮೆ. ಮಕ್ಕಳಿಗೆ ನಾನು ಹೇಳಿದ್ದು, "ಹುಳ ಊಟಕ್ಕೆ ಬರೋ ಹೊತ್ತಿಗೆ ಎಲೆ ಗಟ್ಟಿಯಾಗಿಬಿಟ್ಟಿರುತ್ತೆ." ಅದು ಸಾಕಾಯಿತು.

ಮಾತು ಬರೆಯುವುದು ಚಿತ್ರಕ್ಕಿಂತ ಕಷ್ಟವಾಯಿತು. ನಮ್ಮ ದೊಡ್ಡ ಮಕ್ಕಳು ಆಗಷ್ಟೇ ಅಕ್ಷರ ಕೂಡಿಸಿ ಓದುತ್ತಿದ್ದರು. ಕಾಗುಣಿತ ಬರುತ್ತದೆ, ಒತ್ತಕ್ಷರ ಕಂಡರೆ ನಿಂತುಬಿಡುತ್ತಾರೆ. ಹಾಗಾಗಿ ಇಡೀ ಪುಸ್ತಕದಲ್ಲಿ ಒಂದೂ ಒತ್ತಕ್ಷರ ಇರಬಾರದು ಅಂತ ಪಣ ತೊಟ್ಟೆ. ತೊಟ್ಟ ಮೇಲೆ ಗೊತ್ತಾಯಿತು, ಒತ್ತಿಲ್ಲದೆ ಕನ್ನಡದಲ್ಲಿ ಎರಡು ಹೆಜ್ಜೆ ಇಡುವುದೂ ಕಷ್ಟ ಅಂತ. ಹಕ್ಕಿ ಇಲ್ಲ, ಬಿದ್ದಿತು ಇಲ್ಲ, ಎಲ್ಲ ಅನ್ನುವುದೂ ಇಲ್ಲ. ಕೊನೆಗೆ ನಿಂತದ್ದು ಹೀಗೆ:

ಗಾಳಿ ಬಂತು. ಎಲೆ ಉದುರಿತು.
ಏನಾಯಿತು ಮರಕೆ?
ಚಿಗುರು ಬಂತು, ಚೂರು ಚೂರು.
ಹಸಿರೋ ಹಸಿರು!
ನೆಲದ ತುಂಬ ಹೂವು.

"ಮರಕೆ" ಅಂತ ಬರೆದದ್ದಕ್ಕೆ ನಮ್ಮ ಇನ್ನೊಬ್ಬ ಟೀಚರ್ ಹುಬ್ಬೇರಿಸಿದರು. ಜನಪದ ಹಾಡು ಕೇಳಿ ಬೆಳೆದ ಕಿವಿಗೆ ಅದೇನೂ ಚುಚ್ಚಲಿಲ್ಲ.

ಕೋಗಿಲೆಯ ಪುಟವನ್ನು ಮೂರು ಸಲ ಬರೆಯಬೇಕಾಯಿತು. ಮೊದಲು "ಕೋಗಿಲೆ ಹಾಡಿದಳು" ಅಂತ ಬರೆದೆ. ಚೆನ್ನಾಗಿ ಹಾಡುವ ಹೆಂಗಸರನ್ನು ಕೋಗಿಲೆ ಅಂದು ಅಂದು ನಮಗದು ಹೆಣ್ಣಾಗಿಬಿಟ್ಟಿದೆ. ಹಕ್ಕಿ ನೋಡುವ ಹುಚ್ಚಿನ ಗೆಳತಿ ನಕ್ಕಳು. ಕುಹೂ ಕುಹೂ ಅಂತ ಕೂಗುವುದು ಗಂಡು, ಕಪ್ಪು ಮೈ, ಕೆಂಪು ಕಣ್ಣು. ಹೆಣ್ಣಿಗೆ ಕಂದು ಮೈಮೇಲೆ ಬಿಳಿ ಚುಕ್ಕೆ, ದನಿ ಕಿಕ್ ಕಿಕ್ ಅಂತ ಒರಟು. ಸರಿ, "ಕೋಗಿಲೆ ಬಂತು" ಅಂತ ತಿದ್ದಿದೆ. ಅದಕ್ಕೂ ಅವಳ ತಕರಾರು: ಅದು ಎಲ್ಲಿಂದ ಬಂತು? ಚಳಿಗಾಲದಲ್ಲೂ ಇಲ್ಲೇ ಇರುತ್ತದೆ, ಬಾಯಿ ಬಿಡುವುದಿಲ್ಲ ಅಷ್ಟೆ. ಕೊನೆಗೆ "ಕೋಗಿಲೆ ಕೂಗಿತು." ಎರಡು ಪದ, ಎರಡು ತಪ್ಪಿಗೂ ಮದ್ದು, ಮೇಲಿಂದ ಪ್ರಾಸ ಬೇರೆ.

ಸಾಮಾನಿನ ವಿಷಯದಲ್ಲೂ ಕೈ ಸುಟ್ಟುಕೊಂಡೆ. ಹೂವಿನ ಪುಟಕ್ಕೆ ನಿಜವಾದ ಹೊಂಗೆ ಹೂವನ್ನೇ ಮೈದಾ ಅಂಟಿನಲ್ಲಿ ಅಂಟಿಸಿದ್ದೆವು. ಎರಡೇ ದಿನಕ್ಕೆ ಹೂವು ಚಹಾದ ಗಸಿಯ ಬಣ್ಣಕ್ಕೆ ತಿರುಗಿತು, ಅಂಟಿಗೆ ಇರುವೆ ಸಾಲು ಹಿಡಿಯಿತು. ಆ ಪುಟ ಹೋಯಿತು. ಬದಲಿಗೆ ಕಿವಿ ಕಡ್ಡಿಯನ್ನು ಬಿಳಿ ಮತ್ತು ತಿಳಿ ನೇರಳೆ ಬಣ್ಣದಲ್ಲಿ ಅದ್ದಿ ಮಕ್ಕಳು ಚುಕ್ಕೆ ಇಟ್ಟರು. ದೂರದಿಂದ ನೋಡಿದರೆ ಥೇಟ್ ಉದುರಿದ ಹೊಂಗೆ ಹೂವಿನ ಹಾಸು.

ಎಲೆಯ ಅಚ್ಚು ತೆಗೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಾಡುವವರಿಗೆ ಅನುಕೂಲ. ಎಲೆಯನ್ನು ಬೆನ್ನು ಮೇಲಾಗಿ ಇಡಬೇಕು, ನರ ಎದ್ದಿರುವುದು ಆ ಕಡೆ. ಮೇಲೆ ತೆಳು ಹಾಳೆ. ಕ್ರೆಯಾನಿನ ಕಾಗದ ಸುಲಿದು ಅಡ್ಡಡ್ಡ ಮಲಗಿಸಿ ಮೆಲ್ಲಗೆ ಉಜ್ಜಬೇಕು. ಮೊದಲು ನಡುದಂಟು, ಆಮೇಲೆ ಒಂದೊಂದೇ ನರ, ಕೊನೆಗೆ ಅಂಚು ಮೂಡುತ್ತದೆ. ಆ ಹೊತ್ತಿಗೆ ಮಕ್ಕಳ ಉಸಿರೇ ನಿಂತಿರುತ್ತದೆ. ಆದರೆ ಇದು ಬಲಿತ ಎಲೆಗೆ ಮಾತ್ರ. ಎಳೆ ಚಿಗುರು ಜಜ್ಜಿಹೋಗಿ ಹಾಳೆಗೆ ರಸ ಹತ್ತುತ್ತದೆ. ಅದಕ್ಕೆ ಚಿಗುರಿನ ಪುಟಕ್ಕೆ ಗಿಳಿಹಸಿರು ಬಣ್ಣದಲ್ಲಿ ಮಕ್ಕಳ ಹೆಬ್ಬೆಟ್ಟು ಒತ್ತಿಸಿದೆ. 18 ಮಕ್ಕಳು, ಬೋಳು ಕೊಂಬೆಯ ತುಂಬ ಹೆಬ್ಬೆಟ್ಟು. ಇವತ್ತಿಗೂ ಯಾವ ಎಲೆ ಯಾರದು ಅಂತ ಜಗಳ ನಡೆಯುತ್ತದೆ.

ಹರಿಯಬಾರದು ಅಂತ ಪುಟಗಳಿಗೆಲ್ಲ ಲ್ಯಾಮಿನೇಷನ್ ಮಾಡಿಸಿದ್ದು ಇನ್ನೊಂದು ಪೆದ್ದುತನ. ಓದಲು ಎತ್ತಿ ಹಿಡಿದರೆ ಕಿಟಕಿಯ ಬೆಳಕು ಹೊಳೆದು ಅರ್ಧ ಮಕ್ಕಳಿಗೆ ಬರೀ ಬಿಳುಪು ಕಾಣುತ್ತಿತ್ತು. ಎರಡನೆಯ ಪ್ರತಿಯನ್ನು ಹೊಳಪಿಲ್ಲದ ದಪ್ಪ ಕಾರ್ಡಿನ ಮೇಲೆ ಕಲರ್ ಜೆರಾಕ್ಸ್ ಮಾಡಿಸಿ, ಅಂಚಿಗೆ ಬಟ್ಟೆ ಟೇಪು ಹಾಕಿ, ಸ್ಪೈರಲ್ ಕಟ್ಟಿಸಿದೆ. 400 ರೂಪಾಯಿ ದಾಟಲಿಲ್ಲ.

ಒಂದು ಗುಟ್ಟನ್ನು ಮಾತ್ರ ಬೇಕೆಂದೇ ಇಟ್ಟಿದ್ದೆ. ಬೋಳು ಮರದ ಪುಟದಲ್ಲಿ ಹಳೆಯ ಕಾಗೆ ಗೂಡು ಕಾಣುತ್ತದೆ. ಅಲ್ಲಿಂದ ಮುಂದೆ ಪ್ರತಿ ಪುಟದಲ್ಲೂ ಕಾಗೆ ಎಲ್ಲೋ ಒಂದು ಕಡೆ ಇದೆ, ಕಡ್ಡಿ ಕಚ್ಚಿಕೊಂಡು, ಎಲೆ ಮರೆಯಲ್ಲಿ ಬಾಲವಷ್ಟೇ ಕಾಣುವಂತೆ. ಮಾತಿನಲ್ಲಿ ಕಾಗೆಯ ಸುದ್ದಿಯೇ ಇಲ್ಲ. ಮೂರನೇ ಸಲ ಓದುವಾಗ ಒಬ್ಬಳು ಕಂಡುಹಿಡಿದಳು. ಅಷ್ಟೇ, ಆಮೇಲೆ ನನ್ನ ಓದು ಯಾರಿಗೂ ಬೇಡವಾಯಿತು, ಎಲ್ಲರೂ ಕಾಗೆ ಹುಡುಕುವವರೇ. ಕೋಗಿಲೆಯ ಪುಟದಲ್ಲಿ ಕಾಗೆ ಅದನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ಯಾಕೆ ಅಂದರು. ಕೋಗಿಲೆ ತಾನು ಗೂಡು ಕಟ್ಟುವುದಿಲ್ಲ, ಕಾಗೆ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ ಅಂದೆ. ತರಗತಿ ಎರಡು ಪಕ್ಷವಾಯಿತು. "ಕಾಗೆ ಪಾಪ" ಅಂದವರು ಹೆಚ್ಚು.

ಕೊಂಡ ಪುಸ್ತಕ ನಾವು ಓದುವುದಿಲ್ಲ ಅಂತಲ್ಲ. ಮಕ್ಕಳ ಪುಸ್ತಕ ಪ್ರಕಟಿಸುವ ತೂಲಿಕಾದವರ ಕನ್ನಡ ಪುಸ್ತಕಗಳು ನಮ್ಮ ಕಪಾಟಿನಲ್ಲಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಆರಿಸುವಾಗ ನಾನು ನೋಡುವುದು ಒಂದೇ, ಚಿತ್ರದ ಮರಕ್ಕೆ ಹೆಸರಿದೆಯೇ ಅಂತ. ಹಸಿರು ಮೋಡದ ಕೆಳಗೆ ಕಂದು ಕಂಬ ನಿಲ್ಲಿಸಿದರೆ ಅದು ಮರವಲ್ಲ. ಹಿಮದ ಪುಸ್ತಕವನ್ನೂ ಬಿಟ್ಟಿಲ್ಲ. ಈಗ ಅದನ್ನು ಹೊಂಗೆ ಪುಸ್ತಕದ ಆಮೇಲೆ ಓದುತ್ತೇನೆ, ದೂರದ ಊರಿನ ಸುದ್ದಿಯ ಹಾಗೆ. ಈಗ ಯಾರೂ ಫ್ರಿಜ್ಜು ಅನ್ನುವುದಿಲ್ಲ, "ಅವರ ಊರಲ್ಲಿ ಹೊಂಗೆ ಇಲ್ವಾ?" ಅನ್ನುತ್ತಾರೆ.

ಶಾಲೆಯ ಕ್ಯಾಲೆಂಡರಿನದ್ದು ಒಂದು ಕಿರಿಕಿರಿ ಇದೆ. ಯುಗಾದಿ ಮುಗಿದು ಮರ ಮೈತುಂಬಿ ಹೂ ಬಿಡುವ ಹೊತ್ತಿಗೆ ಬೇಸಿಗೆ ರಜೆ. ಜೇನಿನ ಪುಟವನ್ನು ರಜೆಗೆ ಮುಂಚಿನ ನಾಲ್ಕೇ ದಿನದಲ್ಲಿ ಮುಗಿಸಿದ್ದು, ಅದಕ್ಕೇ ಅದರ ಚಿತ್ರ ಸ್ವಲ್ಪ ಅವಸರದ್ದು.

ಕಳೆದ ವರ್ಷ ಜನವರಿಯಲ್ಲಿ ಕರೆಂಟ್ ವೈರಿಗೆ ತಾಗುತ್ತದೆ ಅಂತ ರಸ್ತೆ ಕಡೆಯ ಎರಡು ದೊಡ್ಡ ಕೊಂಬೆ ಕಡಿದು ಹೋದರು. ಗೂಡೂ ಹೋಯಿತು. ಹೊಸ ಮಕ್ಕಳಿಗೆ ಪುಸ್ತಕ ಓದಿದೆ. ಒಬ್ಬ ಪುಟ ನೋಡಿದ, ಕಿಟಕಿ ನೋಡಿದ, "ತಪ್ಪು ಬರ್ದಿದೀರ ಮಿಸ್" ಅಂದ. ತಪ್ಪೇ. ಹಳೆಯ ಪುಟದ ಮೇಲೆ ಹೊಸ ಹಾಳೆ ಅಂಟಿಸಿ ಎರಡು ಮೋಟು ಕೊಂಬೆ ಬರೆದೆವು. ಹೊಂಗೆ ಕಡಿದರೂ ಚಿಗುರುವ ಜಾತಿ. ಮಾರ್ಚಿ ಹೊತ್ತಿಗೆ ಮೋಟಿನ ಸುತ್ತ ಪೊರಕೆ ಕಟ್ಟಿದ ಹಾಗೆ ಗೊಂಚಲು ಗೊಂಚಲು ಎಳೆ ಕಡ್ಡಿ ಎದ್ದವು. ಹೊಸ ಹೆಬ್ಬೆಟ್ಟುಗಳು ಅಲ್ಲಿಗೆ ಬಿದ್ದವು. ಕಾಗೆ ಎಲ್ಲಿ ಕೂರಬೇಕು ಅಂತ ಎರಡು ದಿನ ಚರ್ಚೆ ನಡೆಯಿತು. ಈಗ ಏಳನೇ ಪುಟದಲ್ಲಿ ಅದು ವೈರಿನ ಮೇಲಿದೆ, ಬಾಯಲ್ಲಿ ಕಡ್ಡಿ.