ಎಲೆಯ ಒಗರನ್ನು ಬೆಳಕಿನಲ್ಲಿ ಅಳೆಯುವುದು ಹೇಗೆ?

ನೇರಳೆ ಚಿಗುರು ಅಗಿದರೆ ನಾಲಿಗೆ ದಪ್ಪಗಾಗುತ್ತದೆ ಅಲ್ವಾ? ಆ ಒಗರು ಎಲೆಯೊಳಗಿನ ಟ್ಯಾನಿನ್ ಅನ್ನುವ ರಾಸಾಯನಿಕದ್ದು. ಕಾಟಿಯೋ ಕಡವೆಯೋ ಯಾವ ಎಲೆ ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಅನ್ನುವುದರಲ್ಲಿ ಇದರ ಪಾಲೂ ಇದೆ. ಆದರೆ ಬಿಸಿಲೆ ಕಾಡಿನಿಂದ ಬಾಬಾಬುಡನ್‌ಗಿರಿವರೆಗೆ ನೂರಾರು ಗಿಡದ ಎಲೆ ತಂದು ಒಂದೊಂದಕ್ಕೂ ಲ್ಯಾಬ್ ಟೆಸ್ಟ್ ಮಾಡಿಸುವಷ್ಟು ದುಡ್ಡು ಯಾರ ಹತ್ತಿರ ಇದೆ? ಅದಕ್ಕೇ ನಿಯರ್ ಇನ್‌ಫ್ರಾರೆಡ್ ಬೆಳಕು.

ಇದು ಕಣ್ಣಿಗೆ ಕಾಣುವ ಕೆಂಪಿನ ಆಚೆಯದು, ಸುಮಾರು 780ರಿಂದ 2500 ನ್ಯಾನೋಮೀಟರ್ ತರಂಗಾಂತರದ್ದು. ಎಲೆ ಮೇಲೆ ಬಿಟ್ಟರೆ ನೀರು, ಪ್ರೋಟೀನ್, ನಾರು, ಟ್ಯಾನಿನ್ ತಮ್ಮ ತಮ್ಮ ಪಾಲು ಹೀರಿಕೊಳ್ಳುತ್ತವೆ. ಉಳಿದು ವಾಪಸ್ ಬಂದದ್ದನ್ನು ಸ್ಪೆಕ್ಟ್ರೋಮೀಟರ್ ಒಂದು ಗೆರೆಯಾಗಿ ಬರೆದುಕೊಳ್ಳುತ್ತದೆ.

ಮೊದಲು ಅರಣ್ಯ ಇಲಾಖೆಯ ಅನುಮತಿ. ಭದ್ರಾ ಅಭಯಾರಣ್ಯದೊಳಗೆ ಸುಮ್ನೆ ಹೋಗಿ ಎಲೆ ಕೀಳುವಂತಿಲ್ಲ. ಆಮೇಲೆ ಒಂದೇ ಪ್ರಾಯದ ಎಲೆ ಆರಿಸಿ, ಬಿಸಿಲಿನದೋ ನೆರಳಿನದೋ ಬರೆದಿಟ್ಟುಕೊಂಡು ಪೇಪರ್ ಕವರಿಗೆ ಹಾಕಿ. ನಾನು ಒಮ್ಮೆ ಜುಲೈ ಮಳೆಯಲ್ಲಿ ಗಿರಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ತಂದು ರಾತ್ರಿ ಹಾಗೇ ಇಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಅರ್ಧ ಎಲೆ ಕಪ್ಪಾಗಿ ಅಂಟಂಟು. ಒಂದು ದಿನದ ಅಲೆದಾಟ ನೀರುಪಾಲಾಯಿತು.

ಒಣಗಿಸುವುದೇ ಮಲೆನಾಡಿನಲ್ಲಿ ದೊಡ್ಡ ತಲೆನೋವು. ಒಲೆ ಮೇಲಿನ ಅಟ್ಟ ಬೇಡ, ಹೊಗೆ ಹಿಡಿಯುತ್ತದೆ. ಓವನ್‌ನಲ್ಲಿ 40ರಿಂದ 50 ಡಿಗ್ರಿಯೊಳಗೆ, ಪೂರ್ತಿ ಒಣಗುವವರೆಗೆ ಇಡಿ. ಬೇಗ ಆಗಲಿ ಅಂತ ಬಿಸಿ ಏರಿಸಿದರೆ ಟ್ಯಾನಿನ್ ಸ್ವರೂಪವೇ ಬದಲಾಗುತ್ತದೆ. ನೀರು ಉಳಿದರೂ ಕಷ್ಟ, 1450 ಮತ್ತು 1940 ನ್ಯಾನೋಮೀಟರ್ ಹತ್ತಿರ ಅದು ಎಷ್ಟು ಜೋರಾಗಿ ಬೆಳಕು ನುಂಗುತ್ತದೆಂದರೆ ಪಕ್ಕದ ಸಣ್ಣ ಗುರುತುಗಳೆಲ್ಲ ಮುಚ್ಚಿಹೋಗುತ್ತವೆ. ನಂತರ ಪುಡಿ ಮಾಡಿ 1 ಮಿಲಿಮೀಟರ್ ಜರಡಿ ಹಿಡಿಯಿರಿ. ಮನೆಯ ಮಿಕ್ಸಿ ಮುಟ್ಟಬೇಡಿ, ನಮ್ಮೂರಿನ ಮಿಕ್ಸಿಯಲ್ಲಿ ಕಾಫಿಪುಡಿ ಅಂಟಿಕೊಂಡಿರದೆ ಇರುತ್ತದೆಯೇ!

ಸ್ಕ್ಯಾನ್ ಸುಲಭ. ಯಂತ್ರದ ದೀಪ ಹಚ್ಚಿ ಅರ್ಧ ಗಂಟೆ ಬಿಸಿಯಾಗಲು ಬಿಡಿ. ಬೆಳಕನ್ನು ಹೆಚ್ಚೂಕಡಿಮೆ ಪೂರ್ತಿ ವಾಪಸ್ ಕೊಡುವ, ಹೋಲಿಕೆಗೆ ಇಟ್ಟ ಬಿಳಿ ಬಿಲ್ಲೆಯನ್ನು ಮೊದಲು ಅಳೆದು, ಒಂದೊಂದು ಪುಡಿಯನ್ನೂ ಮೂರ್ನಾಲ್ಕು ಸಲ ತಿರುವಿ ಹಾಕಿ ಅಳೆದು ಸರಾಸರಿ ತೆಗೆದುಕೊಳ್ಳಿ. ನಡುನಡುವೆ ಬಿಳಿ ಬಿಲ್ಲೆ ಮತ್ತೆ ನೋಡುತ್ತಿರಿ.

ಈಗ ಅಸಲಿ ವಿಷಯ. ಯಂತ್ರಕ್ಕೆ ಟ್ಯಾನಿನ್ ಅಂದರೇನೆಂದು ಗೊತ್ತಿಲ್ಲ, ನೀವೇ ಕಲಿಸಬೇಕು. ಎಲ್ಲ ಪುಡಿ ಸ್ಕ್ಯಾನ್ ಆದ ಮೇಲೆ, ಗೆರೆಗಳು ಒಂದಕ್ಕಿಂತ ಒಂದು ಬೇರೆಯಾಗಿರುವ ಒಂದಷ್ಟನ್ನು ಆರಿಸಿ ಲ್ಯಾಬಿಗೆ ಕಳಿಸಿ. ಪ್ರೋಟೀನಿನ ಅಂದಾಜು ಕೊಡುವ ಸಾರಜನಕಕ್ಕೆ ಜೆಲ್ಡಾಲ್ ವಿಧಾನ, ಟ್ಯಾನಿನ್ ಕೂಡ ಸೇರುವ ಒಟ್ಟು ಫೀನಾಲ್‌ಗೆ ಫೋಲಿನ್ ವಿಧಾನ. ಬಂದ ಅಂಕಿಗಳನ್ನು ಗೆರೆಗಳ ಜೊತೆ ಕಂಪ್ಯೂಟರ್‌ನಲ್ಲಿ ಹೊಂದಿಸುವುದೇ ಕ್ಯಾಲಿಬ್ರೇಶನ್. ಕೆಲವು ಎಲೆಗಳ ಲ್ಯಾಬ್ ಉತ್ತರ ಬಚ್ಚಿಟ್ಟು, ಈ ಲೆಕ್ಕ ಎಷ್ಟು ಸರಿ ಹೇಳುತ್ತದೆಂದು ಪರೀಕ್ಷೆ ಮಾಡಿ. ಸರಿ ಬಂದರೆ ಮಿಕ್ಕ ನೂರಾರು ಪುಡಿಗೆ ಲ್ಯಾಬೇ ಬೇಡ. ಆದರೆ ಶೋಲಾ, ಅಂದರೆ ಗಿರಿ ಕಣಿವೆಯ ಕಾಡಿನ ಮರಗಳಿಂದ ಕಲಿತ ಲೆಕ್ಕಕ್ಕೆ ಲಂಟಾನ ಪೊದೆಯ ಎಲೆ ಕೊಟ್ಟರೆ ಅದೂ ಒಂದು ಅಂಕಿ ಹೇಳಿಬಿಡುತ್ತದೆ, ನಂಬಬೇಡಿ. ಹೊಸ ಗಿಡ ಬಂದಾಗ ಅದರದ್ದೂ ಕೆಲವು ಎಲೆ ಲ್ಯಾಬಿಗೆ ಹೋಗಲೇಬೇಕು.

ಸಾರಜನಕ, ನಾರು ಚೆನ್ನಾಗಿ ಸಿಗುತ್ತವೆ. ಸೋಡಿಯಂ ಮಾತ್ರ ಈ ಬೆಳಕಿಗೆ ನೇರವಾಗಿ ಕಾಣುವುದೇ ಇಲ್ಲ. ಪ್ರಾಣಿಗಳು ಉಪ್ಪು ಮಣ್ಣು ನೆಕ್ಕುವ ಜಾಗದ ಸುತ್ತಲಿನ ಎಲೆಯಲ್ಲಿ ಉಪ್ಪಿನಂಶ ಎಷ್ಟಿದೆ ಅಂತ ನೋಡಬೇಕಾದರೆ ಹಳೇ ಲ್ಯಾಬೇ ಗತಿ.