ಕುರಾನಿನಲ್ಲಿ ಸಂಖ್ಯೆ ಬಂದಾಗ ಓದುವುದು ಹೇಗೆ?

ತೀರ್ಥಹಳ್ಳಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕುರಾನಿನ ಅರ್ಥ ಹೇಳಿಕೊಡುತ್ತೇನೆ. ಸಂಖ್ಯೆ ಕಂಡರೆ ಸಾಕು, "ಉಸ್ತಾದ್, ಇದ್ರಲ್ಲಿ ಏನೋ ಗುಟ್ಟಿದೆ ಅಲ್ವಾ?" ಅಂತ ಕಣ್ಣರಳಿಸುತ್ತಾರೆ. ಗುಟ್ಟು ಆಮೇಲೆ. ಮೊದಲು ಆ ಆಯತ್ತಿನ (ವಚನದ) ಹಿಂದೆ ಮುಂದೆ ಓದಿ.

ನಿಯಮ ಹೇಳುವ ಕಡೆ ಸಂಖ್ಯೆ ಬರೀ ಲೆಕ್ಕ. ಗಂಡ ತೀರಿಕೊಂಡವಳ ಇದ್ದತ್, ಅಂದರೆ ಮರುಮದುವೆಗೆ ಮುನ್ನ ಕಾಯುವ ಅವಧಿ, 4 ತಿಂಗಳು 10 ದಿನ (2:234, ಅಂದರೆ 2ನೇ ಅಧ್ಯಾಯದ 234ನೇ ಆಯತ್ತು). ಅಲ್ಲಿ ಸಂಕೇತ ಹುಡುಕಬೇಡಿ.

7 ಬಂದರೆ ಸ್ವಲ್ಪ ನಿಲ್ಲಿ. 2:261ರಲ್ಲಿ ದಾನದ ಮಾತು: ಒಂದು ಕಾಳಿನಿಂದ 7 ತೆನೆ, ತೆನೆಗೆ 100 ಕಾಳು. ಗದ್ದೆ ನೋಡಿ ಬೆಳೆದ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ಕೊಯ್ಲಿನ ಹೊತ್ತಿಗೆ ಒಂದು ಬುಡ ಭತ್ತ ತರಿಸಿ. ಅಡಿಕೆ ಹಾಳೆ ಮೇಲೆ ಉದುರಿಸಿ, ಜೊಳ್ಳು ಊದಿ, ಎಣಿಸಲು ಬಿಡಿ. ಲೆಕ್ಕ 700ಕ್ಕೆ ಸರಿಯಾಗಿ ಕೂಡಬೇಕಿಲ್ಲ. ಅದೇ ಆಯತ್ತು, ಅಲ್ಲಾಹು ತಾನು ಬಯಸಿದವರಿಗೆ ಇನ್ನೂ ಹೆಚ್ಚಿಸುತ್ತಾನೆ ಎನ್ನುತ್ತದೆ. 700 ಗಡಿ ಅಲ್ಲ, ಸಮೃದ್ಧಿ.

9:80ರ 70 ಬಾರಿ ಕ್ಷಮೆ ಬೇಡುವ ಮಾತೂ ಹೀಗೇ. ಕಪಟಿಗಳಿಗಾಗಿ ಎಷ್ಟೇ ಬೇಡಿದರೂ ಕ್ಷಮೆ ಸಿಗದು ಎಂಬ ಒತ್ತು ಅದು.

40 ಕಾಯುವಿಕೆಯದ್ದು. ಪ್ರವಾದಿ ಮೂಸಾ ಅವರಿಗೆ ದೇವರು ಗೊತ್ತುಮಾಡಿದ್ದು ಮೊದಲು 30 ರಾತ್ರಿ, ಮೇಲೆ 10 (7:142).

ಇನ್ನು 786. ಶಿವಮೊಗ್ಗದ ಆಟೋ, ಲಾರಿಗಳ ಮೇಲೆ ಕಾಣುತ್ತದಲ್ಲ, ಅದು ಬಿಸ್ಮಿಲ್ಲಾದ, ಅಂದರೆ 'ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್' ಎಂಬ ಪೂರ್ತಿ ವಾಕ್ಯದ, ಅರಬಿ ಅಕ್ಷರಗಳಿಗೆ ಅಬ್ಜದ್ ಪದ್ಧತಿಯಲ್ಲಿ ಬೆಲೆ ಕಟ್ಟಿ ಕೂಡಿದ ಮೊತ್ತ. ಕುರಾನಿನಲ್ಲಿ ಎಲ್ಲೂ ಇಲ್ಲ. ಬರೆಸಿಕೊಳ್ಳುವವರ ಇಷ್ಟ, ಸುಮ್ನೆ ಜಗಳ ಬೇಡ. ಪಾಠದ ಪಟ್ಟಿಗೆ ಮಾತ್ರ ಸೇರಿಸಬೇಡಿ.