ಸಣ್ಣ ಅಂಗಡಿಗೆ ಬಿಲ್ಲಿಂಗ್ ವ್ಯವಸ್ಥೆ: ಏನೇನು ಬೇಕು, ಯಾವುದು ಮೊದಲು

ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಜೇನು, ಕಾಚಂಪುಳಿ, ಮನೆಯಲ್ಲೇ ಮಾಡಿದ ಚಾಕೊಲೇಟ್ ಮಾರುವ ಅಂಗಡಿಗಳು ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಎಲ್ಲ ಪೇಟೆಗಳಲ್ಲೂ ಇವೆ. ಇವುಗಳ ಮಾಲೀಕರು ಬಿಲ್ಲಿಂಗ್ ಯಂತ್ರ ಕೊಳ್ಳಲು ಹೊರಟರೆ ಮೊದಲು ಬೆಲೆ ವಿಚಾರಿಸುತ್ತಾರೆ. ಬೆಲೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಜುಲೈ ತಿಂಗಳ ಮಳೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂದಾಗ ಇದರಲ್ಲಿ ಬಿಲ್ ಮಾಡಲು ಸಾಧ್ಯವೇ? ಸಾಧ್ಯವಿಲ್ಲ ಎಂದಾದರೆ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಡಗಿನ ಅಂಗಡಿಗೆ ಅದು ಬೇಡ.

ಪಿಒಎಸ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಹಲವು ಭಾಗಗಳಿವೆ. ಬಿಲ್ ಬರೆಯುವ ತಂತ್ರಾಂಶ, ಅದು ನಡೆಯುವ ಕಂಪ್ಯೂಟರ್ ಅಥವಾ ಟ್ಯಾಬ್, ಮುದ್ರಕ, ಸ್ಕ್ಯಾನರ್, ತಕ್ಕಡಿ, ಗಲ್ಲಾಪೆಟ್ಟಿಗೆ, ಹಣ ಪಡೆಯುವ ಸಾಧನ. ಎಲ್ಲವನ್ನೂ ಒಂದೇ ಕಡೆ, ಒಂದೇ ದಿನ ಕೊಳ್ಳಬೇಕೆಂದಿಲ್ಲ.

ಮೊದಲು ಸರಕಿನ ಪಟ್ಟಿ

ಯಂತ್ರಕ್ಕೆ ಹಣ ಕೊಡುವ ಮೊದಲು ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ವಸ್ತುವಿನ ಹೆಸರು, ಅಳತೆ, ಕೊಂಡ ಬೆಲೆ, ಮಾರುವ ಬೆಲೆ, ತೆರಿಗೆ ದರ ಬರೆಯಿರಿ. ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯುವುದೂ, ಮುಂದೆ ಹೆಚ್ಚು ಫಲ ಕೊಡುವುದೂ ಇದೇ. ಕಾಫಿ ಪುಡಿಯನ್ನೇ ತೆಗೆದುಕೊಳ್ಳಿ. ಶುದ್ಧ ಕಾಫಿ, ಶೇ 20 ಚಿಕೋರಿ, ಶೇ 30 ಚಿಕೋರಿ ಎಂದು ಮೂರು ಬಗೆ. ಪ್ರತಿಯೊಂದಕ್ಕೂ 100, 250, 500 ಗ್ರಾಂ ಮತ್ತು ಒಂದು ಕಿಲೋ ಪೊಟ್ಟಣ. ನಾವು ಒಂದೇ ಹೆಸರಿನಿಂದ ಕರೆಯುವ ಸರಕು ಯಂತ್ರದ ಲೆಕ್ಕದಲ್ಲಿ 12 ವಸ್ತು. ಇವನ್ನು ಬೇರೆ ಬೇರೆಯಾಗಿ ನಮೂದಿಸದಿದ್ದರೆ ಯಾವ ಪೊಟ್ಟಣ ಮುಗಿಯುತ್ತಿದೆ, ಯಾವುದು ಕಪಾಟಿನಲ್ಲೇ ಹಳತಾಗುತ್ತಿದೆ ಎಂಬುದು ತಿಳಿಯುವುದಿಲ್ಲ.

ತೆರಿಗೆ ದರಗಳನ್ನು ನಿಮ್ಮ ಲೆಕ್ಕಪತ್ರ ನೋಡುವವರ ಜೊತೆ ಕುಳಿತೇ ತುಂಬಿಸಿ. 2025ರ ಸೆಪ್ಟೆಂಬರ್ 22ರಿಂದ ಚಾಕೊಲೇಟ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಇಂಥ ಬದಲಾವಣೆಯನ್ನು ತಂತ್ರಾಂಶದಲ್ಲಿ ಯಾರ ನೆರವೂ ಇಲ್ಲದೆ ನೀವೇ ಮಾಡಿಕೊಳ್ಳುವಂತಿರಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತಾವೇ ತೆರಿಗೆ ಕಟ್ಟುವ ಅಂಗಡಿಯವರು ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಅವರ ಬಿಲ್‌ನಲ್ಲಿ ತೆರಿಗೆಯ ಸಾಲು ಕಾಣಿಸಿಕೊಳ್ಳಲೇಬಾರದು. ತಿನ್ನುವ ವಸ್ತು ಮಾರುವವರ ಬಿಲ್‌ನಲ್ಲಿ 14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ ಇರುವುದು 2022ರ ಜನವರಿಯಿಂದ ಕಡ್ಡಾಯ. ಅದಕ್ಕೆ ಜಾಗ ಇದೆಯೇ ಎಂದು ನೋಡಿಕೊಳ್ಳಿ.

ತಂತ್ರಾಂಶವನ್ನು ಪರೀಕ್ಷಿಸುವುದು

ಮಾರಾಟಗಾರರು ತೋರಿಸುವ ಪ್ರದರ್ಶನವನ್ನು ನೋಡಿಯೇ ಒಪ್ಪಿಕೊಳ್ಳಬೇಡಿ. ನಿಮ್ಮ ಅಂಗಡಿಯಲ್ಲಿ, ನಿಮ್ಮ ಸರಕಿನಿಂದಲೇ ಪರೀಕ್ಷೆ ಮಾಡಿ. ಮೊಬೈಲ್ ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ ಐದಾರು ಬಿಲ್ ಹಾಕಿ, ಮುದ್ರಿಸಿ. ಆಮೇಲೆ ನೆಟ್ ಹಾಕಿದಾಗ ಆ ಬಿಲ್‌ಗಳು ಕ್ರಮಸಂಖ್ಯೆ ತಪ್ಪದೆ, ಎರಡೆರಡು ಬಾರಿ ದಾಖಲಾಗದೆ ತಂತ್ರಾಂಶದ ಆನ್‌ಲೈನ್ ಲೆಕ್ಕಕ್ಕೆ ಸೇರಿವೆಯೇ ನೋಡಿ. ವರ್ಷದ ಶುಲ್ಕ ಕಟ್ಟುವುದನ್ನು ನಿಲ್ಲಿಸಿದರೆ ಹಳೆಯ ಲೆಕ್ಕ ನಿಮ್ಮ ಕೈಗೆ ಸಿಗುತ್ತದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಸಾಲದ ಖಾತೆ ನಮ್ಮಲ್ಲಿ ಬಹಳ ಮುಖ್ಯ. ತೋಟದ ಕೆಲಸದವರು ವಾರದ ಬಟವಾಡೆಯಾದ ಮೇಲೆ ಕೊಡುತ್ತಾರೆ, ಬೆಳೆಗಾರರು ಕಾಫಿ ಮಾರಿದ ಮೇಲೆ ತೀರಿಸುತ್ತಾರೆ. ಒಬ್ಬೊಬ್ಬರ ಹೆಸರಿನಲ್ಲಿ ಬಾಕಿ, ಭಾಗಶಃ ಪಾವತಿ, ಉಳಿದ ಮೊತ್ತ ಮೂರೂ ಕಾಣುವ ತಂತ್ರಾಂಶವನ್ನೇ ಆರಿಸಿ. ನಗರದ ದೊಡ್ಡ ಅಂಗಡಿಗಳಿಗೆಂದು ಮಾಡಿದ ಕೆಲವು ತಂತ್ರಾಂಶಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಅವು ಎಷ್ಟು ಚೆನ್ನಾಗಿ ಕಂಡರೂ ನಮ್ಮ ವ್ಯಾಪಾರಕ್ಕೆ ಒಗ್ಗುವುದಿಲ್ಲ.

ಮುದ್ರಕ, ತಕ್ಕಡಿ ಮತ್ತು ಉಳಿದವು

ಬಿಲ್ ಮುದ್ರಕ ಶಾಯಿಯಿಲ್ಲದೆ, ಶಾಖದಿಂದ ಕೆಲಸ ಮಾಡುತ್ತದೆ. ಕಾಗದದ ಅಗಲ 58 ಮಿಲಿಮೀಟರ್ ಅಥವಾ 80 ಮಿಲಿಮೀಟರ್. ತೆರಿಗೆಯ ವಿವರವೆಲ್ಲ ಬರಬೇಕಾದರೆ 80 ಅನುಕೂಲ. ಆದರೆ ಬ್ಯಾಟರಿ ಇರುವ 58ರ ಬ್ಲೂಟೂತ್ ಮುದ್ರಕವನ್ನು ಟ್ಯಾಬ್ ಜೊತೆ ಇಟ್ಟುಕೊಂಡರೆ ಕರೆಂಟಿನ ಹಂಗಿಲ್ಲ. ಮಳೆಗಾಲ ದೀರ್ಘವಾಗಿರುವ ನಮ್ಮ ಸಣ್ಣ ಅಂಗಡಿಗಳಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಕಾಗದದ ಸುರುಳಿಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ. ಬಿಲ್ ಖಾಲಿಯಾಗಿ ಬಂದರೆ ಗಾಬರಿ ಬೇಡ, ಸುರುಳಿ ತಿರುಗಾಮುರುಗಾ ಕುಳಿತಿರಬಹುದು. ಉಗುರಿನಿಂದ ಗೀರಿದರೆ ಕಪ್ಪು ಗೆರೆ ಮೂಡುವ ಬದಿಯೇ ಮುದ್ರಣದ ಬದಿ. ಕನ್ನಡದಲ್ಲಿ ಬಿಲ್ ಬೇಕೆಂದರೆ ಕೊಳ್ಳುವ ಮೊದಲೇ ಒಂದು ಬಿಲ್ ಮುದ್ರಿಸಿ ನೋಡಿ. ಅನೇಕ ಮುದ್ರಕಗಳೊಳಗೆ ಕನ್ನಡ ಅಕ್ಷರಗಳಿರುವುದಿಲ್ಲ, ತಂತ್ರಾಂಶವೇ ಅಕ್ಷರಗಳನ್ನು ಚಿತ್ರವಾಗಿಸಿ ಕಳುಹಿಸಬೇಕು. ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕಕ್ಕೆ ಸರಿದಿದ್ದರೆ ಆ ತಂತ್ರಾಂಶ ಕನ್ನಡಕ್ಕೆ ಸಿದ್ಧವಾಗಿಲ್ಲ.

ತೂಕದ ಮೇಲೆ ಮಾರುವವರಿಗೆ ತಕ್ಕಡಿಯೇ ಜೀವಾಳ. ಏಲಕ್ಕಿಯಂಥ ದುಬಾರಿ ಸರಕಿಗೆ ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು. ಬಿಲ್ಲಿಂಗ್‌ಗೆ ಜೋಡಿಸುವ ಕಿಂಡಿ ಇರುವ ಮಾದರಿ ತಂದರೆ ತೂಕ ನೇರವಾಗಿ ಬಿಲ್‌ಗೆ ಬರುತ್ತದೆ, ಕೈಯಿಂದ ಅಂಕಿ ಒತ್ತುವಾಗ ಆಗುವ ತಪ್ಪು ತಪ್ಪುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು. ಆ ಪ್ರಮಾಣಪತ್ರ ಗ್ರಾಹಕರ ಕಣ್ಣಿಗೆ ಕಾಣುವಂತಿರಲಿ.

ಸ್ಕ್ಯಾನರ್ ಕೀಲಿಮಣೆಯ ಕೆಲಸ ಮಾಡುತ್ತದೆ, ಪೊಟ್ಟಣದ ಬಾರ್‌ಕೋಡ್ ಓದಿ ಅಂಕಿಗಳನ್ನು ತಾನೇ ಬೆರಳಚ್ಚಿಸುತ್ತದೆ. ನಿಮ್ಮ ಅಂಗಡಿಯಲ್ಲಷ್ಟೇ ಮಾರುವ ಪೊಟ್ಟಣಗಳಿಗೆ ತಂತ್ರಾಂಶವೇ ಸಂಖ್ಯೆ ಸೃಷ್ಟಿಸಿ ಚೀಟಿ ಮುದ್ರಿಸುತ್ತದೆ. ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗೂ ಕಳುಹಿಸುವ ಆಲೋಚನೆಯಿದ್ದರೆ ಬಾರ್‌ಕೋಡ್ ಸಂಖ್ಯೆ ಕೊಡುವ ಸಂಸ್ಥೆಯಾದ ಜಿಎಸ್1 ಇಂಡಿಯಾದಿಂದ 890ರಿಂದ ಆರಂಭವಾಗುವ ಸಂಖ್ಯೆ ಪಡೆಯಿರಿ. ಗಲ್ಲಾಪೆಟ್ಟಿಗೆಯ ತಂತಿಯನ್ನು ಮುದ್ರಕಕ್ಕೆ ಸಿಕ್ಕಿಸುತ್ತಾರೆ, ಬಿಲ್ ಬಂದಾಗ ಅದು ತೆರೆದುಕೊಳ್ಳುತ್ತದೆ. ಬ್ಯಾಟರಿಯ ಸಣ್ಣ ಮುದ್ರಕಗಳಲ್ಲಿ ಈ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಅಂಥವರಿಗೆ ಕೀಲಿಯ ಪೆಟ್ಟಿಗೆಯೇ ಸಾಕು.

ಹಣ ಪಡೆಯಲು ಯುಪಿಐ ಈಗ ಎಲ್ಲರ ಬಳಿ ಇದೆ. ಗೋಡೆಗೆ ಅಂಟಿಸಿದ ಕ್ಯೂಆರ್ ಮೇಲೆ ಬೇರೆಯವರು ತಮ್ಮದನ್ನು ಅಂಟಿಸಿ ಹಣ ದೋಚುವುದುಂಟು, ದಿನವೂ ಬೆಳಿಗ್ಗೆ ಅದನ್ನು ಪರಿಶೀಲಿಸಿ. ಬಿಲ್ ಮೊತ್ತವನ್ನೇ ಹೊತ್ತು ಪರದೆಯಲ್ಲಿ ಮೂಡುವ ಕ್ಯೂಆರ್ ಇನ್ನೂ ಒಳ್ಳೆಯದು, ನೂರು ಕೊಡಬೇಕಾದಲ್ಲಿ ಹತ್ತು ಬರುವ ಪ್ರಮಾದವಿರುವುದಿಲ್ಲ. ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆಯಲ್ಲಿ ಸಿಮ್ ಇರುತ್ತದೆ. ನಿಮ್ಮ ಓಣಿಯಲ್ಲಿ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೋ ಅದೇ ಸಿಮ್ ಕೇಳಿ ಪಡೆಯಿರಿ.

ಇದನ್ನೆಲ್ಲ ಅಳವಡಿಸಲು ಕಕ್ಕಡ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಮಳೆಗಾಲ) ಹೇಳಿ ಮಾಡಿಸಿದ ಕಾಲ. ಪ್ರವಾಸಿಗರು ಕಡಿಮೆ, ಕಲಿಯಲು ಪುರುಸೊತ್ತು ಇರುತ್ತದೆ, ಕರೆಂಟು ಮತ್ತು ನೆಟ್‌ವರ್ಕಿನ ಪರೀಕ್ಷೆಯೂ ತಾನಾಗಿಯೇ ಆಗುತ್ತದೆ. ಮಡಿಕೇರಿ ದಸರಾದ ಜನಜಂಗುಳಿಯ ಹೊತ್ತಿಗೆ ಕೈ ಪಳಗಿರುತ್ತದೆ. ಮೊದಲ ಕೆಲವು ವಾರ ಹಳೆಯ ಪುಸ್ತಕವನ್ನೂ ಬರೆಯುತ್ತಿರಿ. ರಾತ್ರಿ ಬಾಗಿಲು ಹಾಕುವ ಮುನ್ನ ನಗದು, ಯುಪಿಐ, ಕಾರ್ಡ್, ಸಾಲ ಹೀಗೆ ನಾಲ್ಕು ಮೊತ್ತ ತೆಗೆದು ಪುಸ್ತಕದೊಂದಿಗೆ ತಾಳೆ ನೋಡಿ. ವ್ಯತ್ಯಾಸವಿದ್ದರೆ ಅಂದೇ ಹುಡುಕಿ, ಮರುದಿನಕ್ಕೆ ಮುಂದೂಡಬೇಡಿ. ದಿನದ ಲೆಕ್ಕದ ಒಂದು ಪ್ರತಿಯನ್ನು ಪೆನ್ ಡ್ರೈವ್‌ಗೆ ಹಾಕಿ, ಅದನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ಒಯ್ಯಿರಿ.